ಈ ಜೂನ್‌ಗೆ ಸಸಿ ಬೇಡ, ಮೊದಲು ಆ ಮಣ್ಣಿನ ಗುಡ್ಡೆ ಎತ್ತಿಸಿ

ಹುಬ್ಬಳ್ಳಿ-ಧಾರವಾಡದ ರಸ್ತೆ, ಕಸ, ಗಾಳಿ ಈ ಮೂರನ್ನೂ ನೋಡಿಕೊಳ್ಳುವ ಅಧಿಕಾರಿಗಳಿಗೆ

ಮಾನ್ಯರೇ,

ನಮಸ್ಕಾರ. ಕಳೆದ ಜೂನ್ 5ರಂದು, ಪರಿಸರ ದಿನಕ್ಕೆ, ನಮ್ಮ ಓಣಿಯ ಗುಡಿ ಮುಂದೆ ಶಾಮಿಯಾನ ಹಾಕಿಸಿ ಸಸಿ ಹಂಚಿದಿರಿ. ನನಗೆ ಎರಡು ಸಿಕ್ಕವು. ಒಂದು ಸಂಪಿಗೆ, ಒಂದು ಪೇರಲ. ಸಸಿ ಹಿಡಿದು ನಿಮ್ಮ ಪಕ್ಕದಲ್ಲೇ ನಿಂತು ಫೋಟೊ ತೆಗೆಸಿಕೊಂಡೆ. ಉಪ್ಪಿಟ್ಟೂ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆ ಸಂಪಿಗೆ ಈ ಫೆಬ್ರವರಿಯಲ್ಲಿ ಸತ್ತಿತು. ಪೇರಲ ಜೀವ ಹಿಡಿದುಕೊಂಡಿದೆ, ಅಷ್ಟೇ. ನೀರು ಹಾಕಿರಲಿಕ್ಕಿಲ್ಲ ಅಂತ ನೀವು ಅನ್ನಬಹುದು. ನಮ್ಮ ಮನೆಯಲ್ಲಿ ಅಕ್ಕಿ ತೊಳೆದ ನೀರು, ಕಾಯಿಪಲ್ಲೆ ತೊಳೆದ ನೀರು ಯಾವುದೂ ಬಚ್ಚಲಿಗೆ ಹೋಗುವುದಿಲ್ಲ. ಎಲ್ಲ ಗಿಡಕ್ಕೇ. ಗೊಬ್ಬರವೂ ಹಾಕಿದ್ದೆ. ಆಡು ತಿಂದಿಲ್ಲ, ಹುಡುಗರು ಮುರಿದಿಲ್ಲ. ಅದು ಸತ್ತದ್ದು ಬೇರೆ ಕಾರಣಕ್ಕೆ, ಓಣಿಯ ಧೂಳಿಗೆ. ಅದನ್ನು ಹೇಳುವುದಕ್ಕೇ ಈ ಪತ್ರ.

ನಾನು ಇಲ್ಲಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ನಿವೃತ್ತಿಯಾದ ಮೇಲೆ ಮನೆ ಮುಂದಿನ ಇಪ್ಪತ್ತಡಿ ಉದ್ದದ ತುಂಡು ಜಾಗದಲ್ಲಿ ಗಿಡ ಮಾಡಿಕೊಂಡಿದ್ದೇನೆ. ದಾಸವಾಳ, ದುಂಡು ಮಲ್ಲಿಗೆ, ಅಬ್ಬಲಿಗೆ, ಎರಡು ಗುಲಾಬಿ, ಒಂದು ಬಾಳೆ, ಕರಿಬೇವು. ಚಪ್ಪರದ ಮೇಲೆ ಅವರೆ ಬಳ್ಳಿ. ನೆಲದಲ್ಲಿ ಮೆಂತ್ಯೆ, ರಾಜಗಿರಿ. ದೊಡ್ಡದೇನಲ್ಲ. ಆದರೆ ದೇವರ ಹೂವಿಗೂ ಬೆಳಗಿನ ಒಗ್ಗರಣೆಗೂ ನಾವು ಮಾರ್ಕೆಟ್ಟಿಗೆ ಹೋದವರಲ್ಲ.

ಅಕ್ಟೋಬರ್‌ನಲ್ಲಿ ಓಣಿ ಅಗೆದರು. ಪೈಪು ಹಾಕುವುದಿತ್ತು, ಹಾಕಿದರು. ಅದಕ್ಕೆ ನನ್ನ ತಕರಾರಿಲ್ಲ. ಪೈಪು ಬೇಕು. ಆಮೇಲೆ ತೆಗ್ಗನ್ನು ಅರ್ಧ ಮುಚ್ಚಿ, ಮೇಲೆ ಗರಸು ಚೆಲ್ಲಿ, ಉಳಿದ ಮಣ್ಣನ್ನು ನಮ್ಮ ಕಂಪೌಂಡಿನ ಪಕ್ಕ ಗುಡ್ಡೆ ಹಾಕಿ ಹೋದರು. ಡಾಂಬರು ಇವತ್ತಿನವರೆಗೂ ಬಂದಿಲ್ಲ. ಒಂದು ಆಟೊ ಹೋದರೆ ಸಾಕು, ಎದುರು ಮನೆ ಕಾಣುವುದಿಲ್ಲ. ಗುತ್ತಿಗೆದಾರರ ಕಡೆಯ ಹುಡುಗನನ್ನು ಹಿಡಿದು ಕೇಳಿದೆ. "ಮಳಿ ಬಂದ್ರ ತಾನ ಹೋಗ್ತೈತ್ರಿ ಯಜಮಾನ್ರ" ಅಂದ. ನವೆಂಬರ್ ತಿಂಗಳಲ್ಲಿ ಹೇಳಿದ ಮಾತು ಇದು. ನಮ್ಮ ಕಡೆ ನವೆಂಬರ್ ಆದ ಮೇಲೆ ಮಳೆ ಯಾವಾಗ ಬರುತ್ತದೆ ಅಂತ ನಿಮಗೂ ಗೊತ್ತು.

ಸಂಕ್ರಾಂತಿಗೆ ಮೊಮ್ಮಗಳು ಬಂದಿದ್ದಳು. ಬಾಳೆ ಎಲೆಯ ಮೇಲೆ ಬೆರಳಿನಿಂದ ಅ ಆ ಇ ಈ ಬರೆದಳು. ಅಕ್ಷರ ಎಷ್ಟು ಚೆನ್ನಾಗಿ ಮೂಡಿದವು ಅಂದರೆ, ಅವಳಿಗೆ ಪಾಟಿಯೇ ಬೇಡವಾಯಿತು. ಮರುದಿನ ಬೆಳಿಗ್ಗೆ ನೋಡಿದರೆ ಅಕ್ಷರ ಮುಚ್ಚಿಹೋಗಿತ್ತು. "ಅಜ್ಜಾ, ಪಾಟಿ ತಾನ ಒರಿಸಿಕೊಂಡೈತಿ" ಅಂತ ಖುಷಿಯಿಂದ ಕೂಗಿದಳು. ನಾನು ನಕ್ಕೆ. ಆಮೇಲೆ ಎಲೆ ಕೆಳಗೆ ನಿಂತು ಮೇಲೆ ನೋಡಿದೆ. ಬಾಳೆ ಎಲೆಯಲ್ಲಿ ಬಿಸಿಲು ಹಸಿರಾಗಿ ಸೋಸಿ ಬರಬೇಕು, ಅಲ್ವಾ? ಗೋಣಿತಟ್ಟು ಕಟ್ಟಿದ ಹಾಗೆ ಕಂದು ಬಣ್ಣ ಬರುತ್ತಿತ್ತು. ಗಿಡಕ್ಕೆ ಬಿಸಿಲೇ ಅನ್ನ. ಅದರ ತಾಟಿನ ಮೇಲೆ ನಾವು ಮಣ್ಣು ಸುರಿದಿದ್ದೆವು.

ನಿಮ್ಮ ಕಾಗದಪತ್ರಗಳಲ್ಲಿ ಪಿಎಂ10 ಅಂತ ಗಾಳಿಯಲ್ಲಿ ತೇಲುವ ಕಣಗಳ ಒಂದು ಲೆಕ್ಕ ಬರುತ್ತದಲ್ಲ, ಅದು ನನ್ನಂಥ ಫಿಟ್ಟರ್‌ಗೆ ಬೇಗ ತಿಳಿಯುತ್ತದೆ. ನಾವು ಕೆಲಸಕ್ಕೆ ಹಿಡಿಯುತ್ತಿದ್ದ ಮೈಕ್ರೋಮೀಟರಿನಲ್ಲಿ ಒಂದು ಸಣ್ಣ ಗೀಟು ಅಂದರೆ ಒಂದು ಮಿಲಿಮೀಟರಿನ ನೂರರ ಒಂದು ಭಾಗ. ಅದೇ ಹತ್ತು ಮೈಕ್ರಾನ್. ಆ ಒಂದು ಗೀಟಿನಷ್ಟು ಅಥವಾ ಅದಕ್ಕಿಂತ ಸಣ್ಣ ಕಣಗಳೆಲ್ಲ ಪಿಎಂ10. ಕಣ್ಣಿಗೆ ಕಾಣುವ ಗರಸು ಬೇಗ ನೆಲಕ್ಕೆ ಬೀಳುತ್ತದೆ. ಈ ಸಣ್ಣದು ತೇಲುತ್ತಾ ಹೋಗಿ ಎಲೆಗೆ, ಪರದೆಗೆ, ನಮ್ಮ ಎದೆಗೆ ಅಂಟಿಕೊಳ್ಳುತ್ತದೆ. ದೇಶದ ಮಾನದಂಡದ ಪ್ರಕಾರ ವರ್ಷದ ಸರಾಸರಿ ಲೆಕ್ಕದಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಇದು 60 ಮೈಕ್ರೋಗ್ರಾಂ ದಾಟಬಾರದು. ನಮ್ಮ ಅವಳಿ ನಗರ ಮಾನದಂಡ ಮೀರಿದ ಊರುಗಳ ಪಟ್ಟಿಗೆ ಸೇರಿದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕು ಊರುಗಳಿವೆ. ಬೆಂಗಳೂರು, ದಾವಣಗೆರೆ, ಕಲಬುರಗಿ ಮತ್ತು ನಾವು. ಬೆಂಗಳೂರಿನ ಜೊತೆ ನಮ್ಮ ಹೆಸರು ಬರಬೇಕು ಅಂತ ಎಷ್ಟೋ ದಿನದಿಂದ ಆಸೆ ಇತ್ತು. ಬಂತು ನೋಡಿ, ಹೀಗೆ ಬಂತು.

ಇನ್ನು ಗಿಡಕ್ಕೆ ಧೂಳು ಏನು ಮಾಡುತ್ತದೆ ಅನ್ನುವುದು. ರೈಲು ಡಬ್ಬಿಯ ಏರ್ ಬ್ರೇಕಿನ ಪೈಪಿನಲ್ಲಿ ಕಸ ಹಿಡಿಯಲು ಡರ್ಟ್ ಕಲೆಕ್ಟರ್ ಅಂತ ಒಂದು ಡಬ್ಬಿ ಇರುತ್ತದೆ. ಅದನ್ನು ಬಿಚ್ಚಿ ಸ್ವಚ್ಛ ಮಾಡುವುದೂ ನಮ್ಮ ಕೆಲಸದಲ್ಲೊಂದು. ಗಾಳಿಯಿಂದ ನಡೆಯುವ ಯಾವ ಯಂತ್ರಕ್ಕೂ ಧೂಳು ಆಗದು. ಎಲೆಯೂ ಗಾಳಿಯಿಂದ ನಡೆಯುವ ಯಂತ್ರವೇ. ಅದರ ಮೈಯಲ್ಲಿ ಒಂದು ಚದರ ಮಿಲಿಮೀಟರಿಗೆ ನೂರರ ಲೆಕ್ಕದಲ್ಲಿ ಸಣ್ಣ ಬಾಯಿಗಳಿವೆ. ಪತ್ರರಂಧ್ರ ಅಂತ ಪುಸ್ತಕದಲ್ಲಿ ಬರೆಯುತ್ತಾರೆ. ಹಗಲು ತೆರೆದು ಗಾಳಿ ಒಳಗೆ ತೆಗೆದುಕೊಳ್ಳುತ್ತವೆ, ನೀರಿನ ಹಬೆ ಹೊರಗೆ ಬಿಡುತ್ತವೆ. ಧೂಳು ಇವಕ್ಕೇ ಬಿರಡೆ ಹಾಕುತ್ತದೆ ಅಂತ ನಾನು ಬಹಳ ದಿನ ತಿಳಿದಿದ್ದೆ.

ಅದು ಅರ್ಧ ಮಾತ್ರ ನಿಜ. ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಹೋದಾಗ ಅಲ್ಲಿದ್ದ ಒಬ್ಬ ಹುಡುಗಿಗೆ ನನ್ನ ದಾಸವಾಳದ ಎಲೆ ತೋರಿಸಿದೆ. ಅವಳು ಎಲೆಯನ್ನು ತಿರುಗಿಸಿ, "ಅಜ್ಜಾರ, ಬಾಯಿ ಜಾಸ್ತಿ ಇರೋದು ಈ ಕಡೆ" ಅಂದಳು. ನಮ್ಮ ಹಿತ್ತಲಿನ ಬಹಳಷ್ಟು ಗಿಡಗಳಲ್ಲಿ ಈ ಬಾಯಿಗಳು ಎಲೆಯ ಕೆಳಮೈಯಲ್ಲೇ ಜಾಸ್ತಿ. ಹಾಗಾದರೆ ಮೇಲಿನ ಧೂಳಿನಿಂದ ಏನು ನಷ್ಟ? ಮೊದಲನೆಯದು ಬಿಸಿಲು ತಡೆಯುತ್ತದೆ, ಅದು ಮೊಮ್ಮಗಳ ಪಾಟಿಯಲ್ಲೇ ಗೊತ್ತಾಯಿತು. ಎರಡನೆಯದು ನಾನು ಯೋಚಿಸಿರಲಿಲ್ಲ. ಕಂದು, ಕರಿ ಧೂಳು ಕಾವು ಹೀರುತ್ತದೆ. ಎಲೆ ಇರಬೇಕಾದ್ದಕ್ಕಿಂತ ಬಿಸಿಯಾಗುತ್ತದೆ. ಬಿಸಿಯಾದ ಎಲೆ ಜಾಸ್ತಿ ನೀರು ಕಳೆದುಕೊಳ್ಳುತ್ತದೆ. ಇತ್ತ ಅಡುಗೆ ಕಡಿಮೆ, ಅತ್ತ ನೀರಡಿಕೆ ಜಾಸ್ತಿ. ಎಳೆ ಸಸಿ ಇದನ್ನು ಎಷ್ಟು ದಿನ ತಡೆದೀತು? ನಿಮ್ಮ ಸಂಪಿಗೆ ನಾಲ್ಕು ತಿಂಗಳು ತಡೆಯಿತು. ವಾಹನ ಎಬ್ಬಿಸುವ ನುಣ್ಣನೆ ಧೂಳು ಎಲೆಯ ಕೆಳಮೈಗೂ ಹೋಗಿ ಕೂರುತ್ತದೆ, ಆ ಬಾಯಿಗಳಲ್ಲಿ ಸಿಕ್ಕಿಕೊಂಡು ಅವು ಸರಿಯಾಗಿ ಮುಚ್ಚದ ಹಾಗೆಯೂ ಮಾಡುತ್ತದೆ. ಸಿಟಿ ಬಸ್ಸಿನ ಬಾಗಿಲು ಅರ್ಧಕ್ಕೆ ನಿಂತ ಹಾಗೆ.

ಆ ಹುಡುಗಿಯಿಂದ ಇನ್ನೊಂದು ವಿಷಯ ತಿಳಿಯಿತು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ. ನಮ್ಮ ಗುಲಾಬಿ ಎಲೆಗಳ ಕೆಳಗೆ ಜೇಡರ ಬಲೆಯಂಥ ಸಣ್ಣ ನೂಲು ಕಟ್ಟಿತ್ತು. ಎಲೆ ಮೇಲೆ ಸೂಜಿ ಚುಚ್ಚಿದ ಹಾಗೆ ಬಿಳಿ ಚುಕ್ಕೆ. ನುಸಿ ಅಂತ ಔಷಧ ತಂದು ಎರಡು ಸಲ ಹೊಡೆದಿದ್ದೆ. ಜಗ್ಗಲಿಲ್ಲ. "ಔಷಧ ಬಿಡ್ರಿ, ಮೊದಲ ನೀರು ಹೊಡೀರಿ" ಅಂದಳು. ಯಾಕೆ ಅಂದರೆ, ನುಸಿಗೆ ಒಣ ಧೂಳು ಹಿಡಿದ ಎಲೆ ಅಂದರೆ ಬಹಳ ಇಷ್ಟ. ನುಸಿಯನ್ನು ತಿನ್ನುವ ಬೇರೆ ಸಣ್ಣ ಹುಳುಗಳಿವೆ. ಅವು ಧೂಳಿನಲ್ಲಿ ಓಡಾಡಿ ಬೇಟೆ ಹಿಡಿಯಲಾರವು. ಹಿಟ್ಟು ತಿಗಣೆ, ಶಲ್ಕ ಕೀಟ ಇವುಗಳ ಕತೆಯೂ ಹೀಗೇ. ಇವುಗಳ ಮೈಯಲ್ಲಿ ಮೊಟ್ಟೆ ಇಟ್ಟು ಕೊಲ್ಲುವ ಸಣ್ಣ ಕಣಜಗಳಿಗೆ ಧೂಳು ಆಗದು. ಮಣ್ಣು ರಸ್ತೆಯ ಪಕ್ಕದ ತೋಟಗಳಲ್ಲಿ ಅಂಚಿನ ಸಾಲಿಗೆ ಹುಳದ ಕಾಟ ಜಾಸ್ತಿ ಇರುವುದಕ್ಕೆ ಇದೂ ಒಂದು ಕಾರಣ. ಅಂದರೆ ಓಣಿ ಅಗೆದು ಬಿಟ್ಟವರು ನನ್ನ ಗುಲಾಬಿಯ ಕಾವಲುಗಾರರನ್ನು ಓಡಿಸಿದರು, ನಾನು ವಿಷ ಹೊಡೆದು ಉಳಿದವರನ್ನೂ ಮುಗಿಸಿದೆ. ತಪ್ಪು ಇಬ್ಬರದೂ.

ಅಲ್ಲಿಂದ ಬಂದು ಒಂದು ಪರೀಕ್ಷೆ ಮಾಡಿದೆ. ಒಂದೇ ಎತ್ತರದ ಎರಡು ದಾಸವಾಳ ಕುಂಡಗಳು. ಒಂದನ್ನು ದಿನ ಬಿಟ್ಟು ದಿನ ಬೆಳಿಗ್ಗೆ, ಎಲೆಯ ಎರಡೂ ಕಡೆ ತೊಳೆದೆ. ಇನ್ನೊಂದಕ್ಕೆ ಬುಡಕ್ಕೆ ಮಾತ್ರ ಅಷ್ಟೇ ನೀರು. ಮಾರ್ಚ್ ಬರುವ ಹೊತ್ತಿಗೆ ತೊಳೆದ ಗಿಡ ದಿನಾ ಒಂದೆರಡು ಹೂ ಕೊಡುತ್ತಿತ್ತು. ಇನ್ನೊಂದು ವಾರಕ್ಕೊಂದು ಬಿಟ್ಟರೆ ಹೆಚ್ಚು, ಅದೂ ಸಣ್ಣದು. ಎರಡು ಕುಂಡದಿಂದ ಶಾಸ್ತ್ರ ಆಗುವುದಿಲ್ಲ, ಗೊತ್ತು. ತೊಳೆದಾಗ ನುಸಿಯೂ ಹೋಗುತ್ತದೆ, ಆ ಲಾಭವೂ ಅದರಲ್ಲಿ ಸೇರಿದೆ. ಆದರೆ ನಮ್ಮ ಮನೆಯವಳಿಗೆ ಅಷ್ಟೇ ಪುರಾವೆ ಸಾಕಾಯಿತು. ಒಂದು ದಿನ ಕೇಳಿದಳು: "ಹೌದ್ರಿ, ಗಿಡಾ ತೊಳ್ಯಾಕ ಎಷ್ಟ ಕೊಡ ನೀರ ಬೇಕಾತು?"

ಮಾನ್ಯರೇ, ಅದೇ ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತೇನೆ. ನಮ್ಮ ಓಣಿಗೆ ನಲ್ಲಿ ನೀರು ದಿನಾ ಬರುವುದಿಲ್ಲ. ಬಂದ ದಿನ ಸಿಂಟೆಕ್ಸು, ಡ್ರಮ್ಮು, ಕೊಡ, ಕಡೆಗೆ ಕುಕ್ಕರೂ ತುಂಬಿಸಿಡುತ್ತೇವೆ. ಮಲಪ್ರಭಾ ನದಿಯಿಂದ ಅಷ್ಟು ದೂರ ಪೈಪಿನಲ್ಲಿ ಬಂದ ಕುಡಿಯುವ ನೀರನ್ನು ನಾನು ನಿಮ್ಮ ಗುತ್ತಿಗೆದಾರರ ಮಣ್ಣು ತೊಳೆಯಲು ಸುರಿಯುತ್ತಿದ್ದೇನೆ. ಗುಡ್ಡೆಯ ಮೇಲೆ ಒಂದು ತಾಡಪತ್ರಿ ಹೊದಿಸಿದ್ದರೆ ಇಷ್ಟೂ ಉಳಿಯುತ್ತಿತ್ತು.

ತಾಡಪತ್ರಿ ಹೊದಿಸಿ ಅನ್ನುವುದು ನನ್ನ ಸ್ವಂತ ಬೇಡಿಕೆಯೂ ಅಲ್ಲ. 2018ರ ಜನವರಿಯಲ್ಲಿ ಕೇಂದ್ರ ಪರಿಸರ ಇಲಾಖೆ ನಿಯಮವನ್ನೇ ಮಾಡಿದೆ. ಧೂಳಿನ ಮಿತಿ ಮೀರಿದ ಊರುಗಳಲ್ಲಿ ಕಟ್ಟಡ ಕಟ್ಟುವ, ಕೆಡವುವ ಕಡೆ ಮಣ್ಣು, ಮರಳು ತೆರೆದು ಬಿಡುವ ಹಾಗಿಲ್ಲ. ಧೂಳು ತಡೆಯುವ ವ್ಯವಸ್ಥೆ ಇಲ್ಲದೆ ನೆಲ ಅಗೆಯುವ ಹಾಗಿಲ್ಲ. ನೀರು ಚಿಮುಕಿಸಬೇಕು. ಕಲ್ಲು, ಟೈಲ್ಸ್ ಬಯಲಿನಲ್ಲಿ ಕೊಯ್ಯಬಾರದು. ಸಾಮಾನು ಸಾಗಿಸುವ ಗಾಡಿಯ ಮೇಲೆ ಹೊದಿಕೆ ಬೇಕು. ಧೂಳು ತಡೆಯಲು ಏನೇನು ಮಾಡಿದ್ದೇವೆ ಅಂತ ಜನರಿಗೆ ಕಾಣುವ ಹಾಗೆ ಬೋರ್ಡ್ ಹಾಕಬೇಕು. ನಮ್ಮ ಓಣಿಯಲ್ಲೂ ಒಂದು ಬೋರ್ಡ್ ಇದೆ. "ಕಾಮಗಾರಿ ಪ್ರಗತಿಯಲ್ಲಿದೆ, ಸಹಕರಿಸಿ" ಅಂತ. ಅದರ ಮೇಲೂ ಧೂಳು ಕೂತು "ಸಹಕರಿಸಿ" ಮಾತ್ರ ಕಾಣುತ್ತದೆ.

ಟೈಲ್ಸ್ ಮಾತು ಬಂದದ್ದಕ್ಕೆ ಸಿಮೆಂಟಿನ ವಿಷಯವನ್ನೂ ಹೇಳಿಬಿಡುತ್ತೇನೆ. ಹಿಂದಿನ ಪ್ಲಾಟಿನಲ್ಲಿ ಒಂದು ಮನೆ ಏಳುತ್ತಿದೆ. ಸಿಮೆಂಟ್ ಧೂಳು ಬರೀ ಮಣ್ಣಿನ ಧೂಳಿನ ಹಾಗಲ್ಲ. ಅದರಲ್ಲಿ ಸುಣ್ಣದ ಅಂಶ ಇದೆ. ಚಳಿಗಾಲದ ಇಬ್ಬನಿ ಬಿದ್ದರೆ ಎಲೆ ಮೇಲೆ ಸುಣ್ಣದ ತಿಳಿಯಂತೆ ಆಗಿ ಎಲೆಯ ಮೇಣದ ಹೊದಿಕೆಯನ್ನೇ ತಿನ್ನುತ್ತದೆ. ಆಮೇಲೆ ಒಣಗಿ ಗಟ್ಟಿ ಪದರ ಆಗುತ್ತದೆ. ನೀರು ಹೊಡೆದರೂ ಸುಲಭಕ್ಕೆ ಬಿಡುವುದಿಲ್ಲ. ನೆಲಕ್ಕೆ ಬಿದ್ದದ್ದು ಇನ್ನೊಂದು ತೊಂದರೆ. ನಮ್ಮದು ಎರೆ ಭೂಮಿ, ಮೊದಲೇ ಕ್ಷಾರದ ಕಡೆ ವಾಲಿದ ಮಣ್ಣು. ಅದಕ್ಕೆ ಮತ್ತೆ ಸುಣ್ಣ ಸೇರಿದರೆ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗದು. ಹೊಸ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಕೆಂಪು ಮಣ್ಣಿನ ಊರಿನವರು ಇದನ್ನು ಸ್ವಲ್ಪ ತಡೆದುಕೊಂಡಾರು. ಹುಬ್ಬಳ್ಳಿಯ ಎರೆ ತಡೆಯದು. ಮಂಗಳೂರಿನಿಂದ ತಂದ ಮಲ್ಲಿಗೆ ಇಲ್ಲಿ ಬರುವುದಿಲ್ಲ ಅಂತ ಬೇಸರ ಮಾಡಿಕೊಳ್ಳುವವರು ಮೊದಲು ಪಕ್ಕದಲ್ಲಿ ಮನೆ ಕಟ್ಟುತ್ತಿದ್ದಾರಾ ನೋಡಿಕೊಳ್ಳಿ.

ಇನ್ನು ಹೊಗೆ. ಬೆಳಿಗ್ಗೆ ಆರಕ್ಕೆ ನಮ್ಮ ಓಣಿಯ ಮೂಲೆಯಲ್ಲಿ ಎಲೆ ಕಸಕ್ಕೆ ಬೆಂಕಿ ಬೀಳುತ್ತದೆ. ಬೇವಿನ ಎಲೆ, ಹಾಲಿನ ಪಾಕೀಟು, ಗುಟ್ಕಾ ಚೀಟಿ, ಹಳೆ ಚಪ್ಪಲಿ ಎಲ್ಲ ಒಟ್ಟಿಗೆ. ಚಳಿಗಾಲದ ಬೆಳಗಿನಲ್ಲಿ ಗಾಳಿ ಏಳುವುದಿಲ್ಲ. ತಣ್ಣನೆ ಗಾಳಿ ನೆಲಕ್ಕೆ ಅಂಟಿ ಕೂತಿರುತ್ತದೆ, ಹೊಗೆಯೂ ಅದರ ಜೊತೆ ಗಿಡದ ಎತ್ತರದಲ್ಲೇ ನಿಲ್ಲುತ್ತದೆ. ಕಸ ಗುಡಿಸುವ ಅಕ್ಕನನ್ನು ನಾನು ಬೈಯುವುದಿಲ್ಲ. ಎಲೆ ಒಯ್ಯಲು ಗಾಡಿ ಬರುವುದಿಲ್ಲ, ಬಿಟ್ಟರೆ ಮೇಲಿನವರು ಅವಳನ್ನೇ ಕೇಳುತ್ತಾರೆ. ಅವಳಾದರೂ ಏನು ಮಾಡಬೇಕು?

ಹೊಗೆಯಲ್ಲಿ ಗಿಡಕ್ಕೆ ತಟ್ಟುವ ಒಂದು ಅನಿಲ ಇದೆ, ಎಥಿಲೀನ್ ಅಂತ. ಹೆಸರು ಹೊಸದಿರಬಹುದು, ಅದರ ಕೆಲಸ ನಮ್ಮ ಅಜ್ಜಂದಿರಿಗೂ ಗೊತ್ತಿತ್ತು. ಬಾಳೆಗೊನೆಯನ್ನು ಕೋಣೆಯಲ್ಲೋ ಗುಂಡಿಯಲ್ಲೋ ಮುಚ್ಚಿ ಹೊಗೆ ಹಾಕಿದರೆ ಬೇಗ ಹಣ್ಣಾಗುತ್ತದಲ್ಲ, ಅದು ಈ ಅನಿಲದ ಕೆಲಸ. ಹಣ್ಣಾಗಿಸುವುದೂ ಅದೇ, ಮುಪ್ಪು ತರುವುದೂ ಅದೇ. ಮೊಗ್ಗಿಗೆ ತಾಗಿದರೆ ಅರಳುವ ಮೊದಲೇ ಉದುರುತ್ತದೆ. ಎಲೆಗೆ ತಾಗಿದರೆ ಹಳದಿಯಾಗಿ ಕಳಚುತ್ತದೆ. ಟೊಮೆಟೊ ಎಲೆ ನೀರಿಲ್ಲದ ಹಾಗೆ ಕೆಳಗೆ ಬಾಗುತ್ತದೆ. ಯುರೋಪಿನ ಊರುಗಳಲ್ಲಿ ಬೀದಿಗೆ ಗ್ಯಾಸ್ ದೀಪ ಹಾಕಿದ್ದ ಕಾಲದಲ್ಲಿ ಪೈಪು ಸೋರಿದ ಕಡೆ ಮರಗಳು ಸುಮ್ಮಸುಮ್ಮನೆ ಎಲೆ ಉದುರಿಸುತ್ತಿದ್ದವು. ಅದರೊಳಗಿನ ಕಳ್ಳ ಎಥಿಲೀನ್ ಅಂತ 1901ರಲ್ಲಿ ರಷ್ಯಾದ ನೆಲ್ಯುಬೊವ್ ಬಟಾಣಿ ಮೊಳಕೆ ಇಟ್ಟುಕೊಂಡು ತೋರಿಸಿದರು. ಗಾಡಿಯ ಹೊಗೆಯಲ್ಲೂ ಇದು ಇದೆ. ನಮ್ಮ ದುಂಡು ಮಲ್ಲಿಗೆಯ ಮೊಗ್ಗು ರಸ್ತೆ ಕಡೆಯ ರೆಂಬೆಗಳಲ್ಲೇ ಯಾಕೆ ಜಾಸ್ತಿ ಉದುರುತ್ತದೆ ಅಂತ ಮನೆಯವಳು ದೃಷ್ಟಿ ತೆಗೆದು ನೋಡಿದ್ದಾಳೆ. ನಾನು ಗಾಳಿಯನ್ನು ಅನುಮಾನಿಸುತ್ತೇನೆ. ಇಬ್ಬರ ಜಗಳ ಇನ್ನೂ ಮುಗಿದಿಲ್ಲ.

ಬಯಲಿನಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಹೇಳಿದೆ. ದಂಡ ಹಾಕಿ ಅಂತ ನಾನು ಕೇಳುತ್ತಿಲ್ಲ. ಒಣಗಿದ ಎಲೆ ನಮಗೇ ಕೊಡಿ. ನಮ್ಮ ಓಣಿಯಲ್ಲಿ ಗಿಡ ಇಟ್ಟುಕೊಂಡ ಏಳೆಂಟು ಮನೆಗಳಿವೆ. ಎಲೆಯನ್ನು ಚೀಲ ತುಂಬಿ ಗೇಟಿನ ಹತ್ತಿರ ಇಟ್ಟು ಹೋದರೆ ಸಾಕು. ಆರು ತಿಂಗಳಿಗೆ ಗೊಬ್ಬರ ಆಗುತ್ತದೆ. ಇಡೀ ಊರು ಗೊಬ್ಬರಕ್ಕೆ ದುಡ್ಡು ಕೊಟ್ಟು, ಎಲೆಗೆ ಬೆಂಕಿ ಹಚ್ಚುತ್ತದೆ.

ಕಣ್ಣಿಗೂ ಮೂಗಿಗೂ ಸಿಗದ ಇನ್ನೊಂದಿದೆ. ಓಝೋನ್. ಮೇಲೆ ಆಕಾಶದಲ್ಲಿದ್ದರೆ ನಮ್ಮನ್ನು ಕಾಯುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವೆ. ನೆಲದ ಹತ್ತಿರ ಆದರೆ ವಿಷ. ಯಾವ ಚಿಮಣಿಯಿಂದಲೂ ನೇರವಾಗಿ ಬರುವುದಿಲ್ಲ. ಗಾಡಿಯ ಹೊಗೆ, ಪೆಟ್ರೋಲಿನ ಆವಿ ಇವುಗಳ ಮೇಲೆ ಬಿರುಬಿಸಿಲು ಬಿದ್ದಾಗ ಗಾಳಿಯಲ್ಲೇ ಬೇಯುತ್ತದೆ. ಹಾಗಾಗಿ ಮಧ್ಯಾಹ್ನ ಜಾಸ್ತಿ, ಬೇಸಿಗೆಯಲ್ಲಿ ಜಾಸ್ತಿ. ಎಲೆಯ ಬಾಯಿಯಿಂದ ಒಳಗೆ ಹೋಗಿ ಜೀವಕೋಶಗಳನ್ನು ಸುಡುತ್ತದೆ. ಹುರುಳಿಕಾಯಿ, ಪಾಲಕ್, ಆಲೂಗಡ್ಡೆ, ದ್ರಾಕ್ಷಿ ಇವಕ್ಕೆ ಬೇಗ ತಟ್ಟುತ್ತದೆ. ಗುರುತು ಹೇಗೆ ಅಂದರೆ, ಹಳೆ ಎಲೆಗಳ ಮೇಲ್ಮೈಯಲ್ಲಿ, ನರಗಳ ನಡುವೆ, ಎಳ್ಳು ಚೆಲ್ಲಿದ ಹಾಗೆ ಸಣ್ಣ ಕಂದು ಚುಕ್ಕೆ. ನರದ ಮೇಲೆ ಬೀಳುವುದಿಲ್ಲ, ಕೆಳಮೈಯಲ್ಲಿ ಕಾಣುವುದಿಲ್ಲ. ಕೆಳಗೆ ನೂಲು ಕಟ್ಟಿದ್ದರೆ ಅದು ನುಸಿ, ಓಝೋನ್ ಮೇಲೆ ತಪ್ಪು ಹೊರಿಸಬೇಡಿ. ಅಂಚಿನಿಂದ ಸುಟ್ಟ ಹಾಗಿದ್ದರೆ ಪೊಟ್ಯಾಷ್ ಕೊರತೆಯೋ ಉಪ್ಪು ನೀರೋ ನೋಡಿ. ಎಲ್ಲದಕ್ಕೂ ಸರ್ಕಾರವೇ ಕಾರಣ ಅನ್ನುವ ಜಾತಿಯವನಲ್ಲ ನಾನು.

ಓಝೋನಿನ ಒಂದು ಗುಣ ಕೇಳಿದರೆ ನಿಮಗೆ ಆಶ್ಚರ್ಯ ಆಗುತ್ತದೆ. ಗಾಡಿ ದಟ್ಟ ಇರುವ ಚೆನ್ನಮ್ಮ ಸರ್ಕಲ್ಲಿನಂಥ ಕಡೆ ಅದು ಕಡಿಮೆ ಇರುತ್ತದೆ. ತಾಜಾ ಹೊಗೆಯಲ್ಲಿನ ನೈಟ್ರಿಕ್ ಆಕ್ಸೈಡ್ ಅದನ್ನು ತಿಂದುಬಿಡುತ್ತದೆ. ಗಾಳಿ ಊರು ದಾಟಿ ಹೊರಗೆ ಹೋದಂತೆ ಅದು ಮತ್ತೆ ಬೆಳೆಯುತ್ತದೆ. ಊರಿನಲ್ಲಿ ಹೊಗೆ ಬಿಡುವವರು ನಾವು, ಗಾಳಿ ಬೀಸಿದ ಕಡೆಯ ಹೊಲದವರು ಹೊಡೆತ ತಿನ್ನುವವರು. ಸೋಯಾ, ಹೆಸರು, ಗೋದಿ ಇವೆಲ್ಲ ಓಝೋನಿಗೆ ಸೂಕ್ಷ್ಮ ಬೆಳೆಗಳು. ನಮ್ಮ ಸುತ್ತಲಿನ ಹೊಲದಲ್ಲಿ ಬೆಳೆಯುವುದೂ ಇವನ್ನೇ. ಗಾಳಿ ಅಳೆಯುವ ಯಂತ್ರಗಳನ್ನು ಊರೊಳಗೆ ಮಾತ್ರ ಇಟ್ಟರೆ ಈ ಲೆಕ್ಕ ಯಾರ ಪುಸ್ತಕಕ್ಕೂ ಬರುವುದಿಲ್ಲ. ನವಲಗುಂದದ ಕಡೆಗೂ ಕಲಘಟಗಿಯ ಕಡೆಗೂ ಒಂದೊಂದು ಇಡಿಸಿ. ಮಾವಿನ ತೋಟದವರೂ ನೋಡಲಿ.

ಗಂಧಕದ ಹೊಗೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರಲ್ಲಿ ಒಳ್ಳೆಯದೇ ಆಗಿದೆ. 2020ರ ಏಪ್ರಿಲ್‌ನಿಂದ ಬಿಎಸ್-6 ಅನ್ನುವ ಹೊಸ ಮಾನದಂಡದ ಡೀಸೆಲ್ ಬಂದು, ಗಂಧಕ ಹತ್ತು ಲಕ್ಷಕ್ಕೆ 50 ಭಾಗ ಇದ್ದದ್ದು 10ಕ್ಕೆ ಇಳಿಯಿತು. ಒಂದು ತಮಾಷೆ ಹೇಳಲೇ? ಇಂಗ್ಲೆಂಡಿನ ಕಲ್ಲಿದ್ದಲು ಹೊಗೆಯ ಊರುಗಳಲ್ಲಿ ಗುಲಾಬಿಗೆ ಕಪ್ಪು ಚುಕ್ಕೆ ರೋಗವೇ ಬರುತ್ತಿರಲಿಲ್ಲವಂತೆ. ಗಂಧಕ ಬೂಷ್ಟನ್ನೂ ಕೊಲ್ಲುತ್ತಿತ್ತು. ಗಾಳಿ ಸ್ವಚ್ಛವಾದ ಮೇಲೆ ರೋಗ ವಾಪಸ್ ಬಂತು. ಇದನ್ನು ಓದಿ ಯಾರಾದರೂ ಗುತ್ತಿಗೆದಾರರು "ನಮ್ಮ ಧೂಳೂ ಔಷಧನ ಐತ್ರಿ" ಅಂದಾರು ಅಂತ ಭಯ.

ನಮ್ಮ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವು ಗಾಳಿಯ ಕತೆ ಹೇಳುತ್ತದೆ ಅಂತ ನಿಮಗೆ ಗೊತ್ತಾ? ಅದು ಹೂವಲ್ಲ. ಬೂಷ್ಟು ಮತ್ತು ಪಾಚಿ ಕೂಡಿ ಸಂಸಾರ ಮಾಡಿದ ಜೀವ. ಬೇರಿಲ್ಲ, ಬೇಕಾದ್ದನ್ನೆಲ್ಲ ಗಾಳಿಯಿಂದ, ಮಳೆಯಿಂದ ಹೀರುತ್ತದೆ. ಹಾಗಾಗಿ ಗಾಳಿ ಕೆಟ್ಟರೆ ಈ ಕುಲದವು ಮೊದಲು ಸಾಯುತ್ತವೆ. ಪ್ಯಾರಿಸ್ಸಿನ ಒಂದು ತೋಟದಲ್ಲಿ ನಿಲಾಂಡರ್ ಅನ್ನುವವರು 1866ರಲ್ಲೇ ಇದನ್ನು ಬರೆದಿಟ್ಟರು. ಧಾರವಾಡದಿಂದ ಹಳಿಯಾಳದ ದಾರಿ ಹಿಡಿದು ಹೋಗುತ್ತಾ ಮರದ ಕಾಂಡ ನೋಡಿ. ಕಾಡು ಹತ್ತಿರ ಬಂದಂತೆ ತೊಗಟೆಯ ಮೇಲೆ ಬೂದು-ಹಸಿರು ತೇಪೆ ಹೆಚ್ಚುತ್ತಾ ಹೋಗುತ್ತವೆ. ಅದರಲ್ಲಿ ಅಲ್ಲಿಯ ತೇವದ ಪಾಲೂ ಇದೆ. ಆಮೇಲೆ ವಾಪಸ್ ಬಂದು ನಮ್ಮ ಗೋಕುಲ ರಸ್ತೆಯ ಮರ ನೋಡಿ.

ರಸ್ತೆ ನಡುವಿನ ಗಿಡಗಳ ಬಗ್ಗೆ ಒಂದು ಮೆಚ್ಚುಗೆ, ಒಂದು ತಕರಾರು. ಕಣಗಿಲೆ ಹಾಕಿದ್ದೀರಲ್ಲ, ಬಹಳ ಒಳ್ಳೆಯದು. ಅದರ ಎಲೆಯ ಕೆಳಗೆ ಸಣ್ಣ ಗುಳಿಗಳಿದ್ದು, ಬಾಯಿಗಳು ಆ ಗುಳಿಯೊಳಗೆ ಕೂದಲಿನ ಮರೆಯಲ್ಲಿ ಕೂತಿರುತ್ತವೆ. ಪ್ರಕೃತಿ ಹಾಕಿಕೊಟ್ಟ ಡರ್ಟ್ ಕಲೆಕ್ಟರ್ ಅದು. ಆದ್ದರಿಂದಲೇ ಲಾರಿ ಹೊಗೆಯಲ್ಲೂ ಗುಲಾಬಿ ಬಣ್ಣದ ಹೂ ಬಿಡುತ್ತದೆ. ಕಾಗದದ ಹೂವೂ ಗಟ್ಟಿ. ಆದರೆ ಹುಲ್ಲುಹಾಸು, ಎಳೆ ಹೂವಿನ ಸಸಿ ತಂದು ಅದೇ ಜಾಗದಲ್ಲಿ ನೆಟ್ಟು, ಎರಡು ತಿಂಗಳಿಗೆ ಸತ್ತ ಮೇಲೆ ಮತ್ತೆ ತರುವುದು ಯಾಕೆ? ಇನ್ನೊಂದು, ರಸ್ತೆ ಅಂಚಿನ ಧೂಳನ್ನು ಒಣ ಕಸಬರಿಗೆಯಿಂದ ಗುಡಿಸಿ ಆ ಗಿಡಗಳ ಬುಡಕ್ಕೇ ಒಟ್ಟುತ್ತಾರೆ. ಸಂಜೆ ಗಾಳಿಗೆ ಅದೇ ಧೂಳು ಮತ್ತೆ ರಸ್ತೆಗೆ. ಈ ಧೂಳಿಗೆ ನಮ್ಮ ಊರಿನಲ್ಲಿ ಪಿಂಚಣಿ ಇಲ್ಲ, ರಜೆಯೂ ಇಲ್ಲ.

ನಮ್ಮೂರಿನ ಹೆಸರು ಹೂಬಳ್ಳಿಯಿಂದ ಬಂತು ಅನ್ನುತ್ತಾರೆ. ಜನ ಈಗ ಅದನ್ನು ಏನು ಮಾಡಿ ಆಡಿಕೊಳ್ಳುತ್ತಾರೆ ಅಂತ ನಿಮಗೆ ಗೊತ್ತಿರುವುದರಿಂದ ನಾನು ಹೇಳುವುದಿಲ್ಲ.

ಬರುವ ಜೂನ್ 5ಕ್ಕೂ ಸಸಿಗಳು ಬರುತ್ತವೆ, ನರ್ಸರಿಯಲ್ಲಿ ಬೆಳೆಯುತ್ತಿರಬಹುದು. ನಮ್ಮ ಓಣಿಯ ಪಾಲನ್ನು ಈ ಸಲ ಬೇರೆ ಕಡೆ ಕೊಡಿ. ಅದರ ಬದಲು ಗುಡ್ಡೆ ಎತ್ತಿಸಿ, ತೆಗ್ಗಿನ ಮೇಲೆ ಡಾಂಬರು ಹಾಕಿಸಿ. ಡಾಂಬರು ತಡವಾಗುವುದಾದರೆ ಅಲ್ಲಿಯವರೆಗೆ ದಿನಕ್ಕೊಂದು ಸಲ ಟ್ಯಾಂಕರಿನಿಂದ ನೀರು ಚಿಮುಕಿಸಿ. ಕುಡಿಯುವ ನೀರು ಬೇಡ, ಶುದ್ಧೀಕರಿಸಿದ ಚರಂಡಿ ನೀರು ಸಾಕು. ಎಲೆ ಕಸಕ್ಕೆ ಒಂದು ಗಾಡಿ ಕೊಡಿ. ಹಿಂದಿನ ಪ್ಲಾಟಿನವರಿಗೆ ಟೈಲ್ಸ್ ಒಳಗೆ ಕೊಯ್ಯಲು, ನೀರು ಬಿಟ್ಟುಕೊಂಡು ಕೊಯ್ಯಲು ಹೇಳಿ. ನಾನು ಹೇಳಿದರೆ ಜಗಳ ಆಗುತ್ತದೆ.

ಸಂಪಿಗೆಯ ಗುಂಡಿಯನ್ನು ನಾನು ಮುಚ್ಚಿಲ್ಲ. ಸತ್ತ ಕಡ್ಡಿ ಕಿತ್ತು, ಅದರೊಳಗೆ ಒಣ ಎಲೆ ತುಂಬಿ ಇಟ್ಟಿದ್ದೇನೆ. ಪೇರಲದ ತುದಿಯಲ್ಲಿ ಮೊನ್ನೆ ಎರಡು ಚಿಗುರು ಕಂಡವು. ಒಂದು ಅಡ್ಡಮಳೆ ಬಿದ್ದ ಮರುದಿನ.

ಗುಡ್ಡೆ ಇರುವುದು ಗುಡಿಯಿಂದ ಒಳಗೆ ಬಂದರೆ ಎಡಗಡೆ, ಮೂರನೇ ಲೈಟ್ ಕಂಬದ ಬುಡದಲ್ಲಿ. ಟ್ರ್ಯಾಕ್ಟರ್ ಕಳಿಸುವುದಾದರೆ ಬೆಳಿಗ್ಗೆ ಎಂಟರೊಳಗೆ ಕಳಿಸಿ. ಆಮೇಲೆ ಶಾಲೆ ವ್ಯಾನುಗಳು ಬರುತ್ತವೆ, ತಿರುಗಿಸಲು ಜಾಗ ಸಿಗುವುದಿಲ್ಲ. ತುಂಬುವ ಮೊದಲು ನೀರು ಹೊಡೆಯಲು ಹೇಳಿ. ನೀರು ನಾನೇ ಕೊಡುತ್ತೇನೆ, ಎರಡು ಡ್ರಮ್ ತುಂಬಿಸಿಟ್ಟಿರುತ್ತೇನೆ.

ಇಂತಿ ನಿಮ್ಮ,
ಕಳೆದ ವರ್ಷದ ಫೋಟೊದಲ್ಲಿ ಸಂಪಿಗೆ ಸಸಿ ಹಿಡಿದು ನಿಂತವನು
ಹುಬ್ಬಳ್ಳಿ